ಮೋಟಾರು ವಾಹನಗಳ ಇಂಧನವೂ ರೈತನ ಬದುವೂ

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ಹಳೆಯ ಪುಣೆ-ಬೆಂಗಳೂರು ರಸ್ತೆಯ ಮೇಲೆ, ಧಾರವಾಡವು ಇನ್ನೂ ಸ್ವಲ್ಪ ದೂರವಿರುವಾಗಲೇ ಲಕಮನಹಳ್ಳಿಯು ಸಿಗುತ್ತದೆ. ಹೆಸರು ಹಳ್ಳಿಯೆಂದಿದ್ದರೂ ಈಗ ಅದು ಮಹಾನಗರಪಾಲಿಕೆಯ ಮೇರೆಯೊಳಗೆ ಸೇರಿರುತ್ತದೆ. ಹಿಂದೆ ಕೂರಿಗೆ ಹೂಡುತ್ತಿದ್ದ ಭೂಮಿಯಲ್ಲಿ ಈಗ ಕಾರಖಾನೆಗಳ ವಸಾಹತು ಎದ್ದಿದೆ. ಸುತ್ತಲಿನ ಹಳ್ಳಿಗಳ ಹಾಲು ಬಂದು ಸೇರುವ ಜಿಲ್ಲಾ ಹಾಲು ಒಕ್ಕೂಟದ ಡೇರಿಯೂ ಅಲ್ಲಿಯೇ ಇದೆ. ರಸ್ತೆಯ ನಡುವೆ ಬಸ್ಸುಗಳಿಗಾಗಿಯೇ ಮೀಸಲಾದ ದಾರಿಯೂ, ಬಸ್ಸು ನಿಲ್ಲುವ ಕಟ್ಟೆಯೂ ಇರುತ್ತವೆ. ವಾಹನಗಳು ಯಾವ ಇಂಧನದಿಂದ ಓಡಬೇಕು, ಎಷ್ಟು ಓಡಬೇಕು ಎಂಬ ಬಗ್ಗೆ ಸರಕಾರವು ಕೈಕೊಂಡಿರುವ ಧೋರಣೆಯು ಪಟ್ಟಣದವರಿಗೆ ಮಾತ್ರ ಸಂಬಂಧಪಟ್ಟದ್ದೆಂದು ಭಾವಿಸುವ ಗೌಡರೂ ಜಮೀನುದಾರರೂ ಈ ಕಟ್ಟೆಯ ಮೇಲೆ ಅರ್ಧ ತಾಸು ನಿಂತು ನೋಡಿದರೆ ಆ ಭಾವನೆಯು ಉಳಿಯಲಾರದು. ರಸ್ತೆಯ ಅಗಲವು ರೈತನ ಭೂಮಿಯಿಂದ ಬಂದದ್ದು. ರಸ್ತೆಯ ಮೇಲೆ ಓಡುವ ಪೆಟ್ರೋಲಿನಲ್ಲಿ ಈಗ ಒಂದು ಭಾಗವು ರೈತನ ಕಬ್ಬು ಮತ್ತು ಗೋವಿನಜೋಳದಿಂದ ಬರುತ್ತಲಿದೆ. ಮುಂದೆ ಇನ್ನೂ ಹೆಚ್ಚಿನ ಭಾಗವನ್ನು ಅವನ ಹೊಲದಿಂದಲೇ ಕೇಳಲಾಗುವದು. ಯಾವದನ್ನು ಕೊಡಬಹುದು, ಯಾವದನ್ನು ಕೊಡಕೂಡದು ಎಂಬುದನ್ನು ರೈತನು ಲೆಕ್ಕ ಹಾಕಿ ತಿಳಿದಿರುವದು ಅವಶ್ಯವು.

ಮೊದಲು ಬಸ್ಸಿನ ದಾರಿಯ ವಿಷಯ. 2006ನೇ ಇಸ್ವಿಯಲ್ಲಿ ಕೇಂದ್ರ ಸರಕಾರವು ನಗರ ಸಾರಿಗೆಯ ರಾಷ್ಟ್ರೀಯ ಧೋರಣೆಯನ್ನು ಪ್ರಕಟಿಸಿತು. ರಸ್ತೆಗಳು ಮನುಷ್ಯರನ್ನು ಸಾಗಿಸುವದಕ್ಕೇ ಹೊರತು ವಾಹನಗಳನ್ನು ಸಾಗಿಸುವದಕ್ಕಲ್ಲವೆಂಬುದು ಅದರ ಮುಖ್ಯ ತತ್ತ್ವವು. ಈ ತತ್ತ್ವವನ್ನನುಸರಿಸಿ ಜಾಗತಿಕ ಬ್ಯಾಂಕಿನ ನೆರವಿನಿಂದ ಹುಬ್ಬಳ್ಳಿ-ಧಾರವಾಡಗಳ ನಡುವೆ 22 ಕಿಲೋಮೀಟರುಗಳಿಗೆ ಸ್ವಲ್ಪ ಹೆಚ್ಚಾದ ಬಸ್ಸಿನ ದಾರಿಯು ರಚಿಸಲ್ಪಟ್ಟಿತು. 2018ನೇ ಇಸ್ವಿಯ ಅಕ್ಟೋಬರದಲ್ಲಿ ಪ್ರಾಯೋಗಿಕವಾಗಿ ಬಸ್ಸುಗಳು ಓಡತೊಡಗಿದವು. 2020ನೇ ಇಸ್ವಿಯ ಫೆಬ್ರುವರಿ 2ರಂದು ಉಪರಾಷ್ಟ್ರಪತಿ ವೆಂಕಯ್ಯ ನಾಯಡು ಅವರಿಂದ ವಿಧಿವತ್ತಾಗಿ ಉದ್ಘಾಟನೆಯಾಯಿತು. ಬಸ್ಸುಗಳಿಗೆ ಚಿಗರಿ ಎಂದು ಹೆಸರಿಟ್ಟರು. ಈ ಭಾಗದ ಎರೆ ಹೊಲಗಳಲ್ಲಿ ಚಿಗರಿಯ ಜಿಗಿತವನ್ನು ಕಂಡವರಿಗೆ ಆ ಹೆಸರಿನ ಔಚಿತ್ಯವನ್ನು ವಿವರಿಸಬೇಕಾದದ್ದಿಲ್ಲ. ರಸ್ತೆಯ ವಿಸ್ತರಣದಲ್ಲಿ ಇಕ್ಕೆಲದ ಅನೇಕ ಹಳೆಯ ಮರಗಳು ಹೋದವು, ಮತ್ತು ಬಸ್ಸಿನ ದಾರಿಯ ಹೊರಗೆ ಉಳಿದ ವಾಹನಗಳಿಗೆ ಇಕ್ಕಟ್ಟಾಗಿದೆಯೆಂಬ ದೂರು ಇದೆ. ಇವೆರಡೂ ನಿಜವೇ.

ಆದರೆ ಇಂಧನದ ಲೆಕ್ಕವು ಬೇರೆ ಮಾತನ್ನು ಹೇಳುತ್ತದೆ. ಇಂಥ ದೊಡ್ಡ ಬಸ್ಸು ಒಂದು ಲೀಟರು ಡೀಸೆಲಿಗೆ 3 ಕಿಲೋಮೀಟರು ಓಡುವದೆಂದು ಹಿಡಿಯೋಣ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಒಂದು ಸಲ ಹೋಗಲು ಅಜಮಾಸು 7½ ಲೀಟರು ಬೇಕು. ಆ ಬಸ್ಸಿನಲ್ಲಿರುವ 70 ಜನರು ತಲಾ ಇಬ್ಬರಂತೆ 35 ಮೋಟಾರ ಸೈಕಲ್ಲುಗಳನ್ನು ಹತ್ತಿ ಹೋದರೆ, ಲೀಟರಿಗೆ 50 ಕಿಲೋಮೀಟರಿನಂತೆ ಹಿಡಿದರೂ, 15 ಲೀಟರುಗಳಿಗೆ ಮೇಲ್ಪಟ್ಟು ಪೆಟ್ರೋಲು ಸುಡಬೇಕಾಗುವದು. ಎಂದರೆ ತುಂಬಿದ ಒಂದು ಬಸ್ಸಿನ ಒಂದೇ ಪ್ರಯಾಣದಲ್ಲಿ ಏಳೆಂಟು ಲೀಟರು ಇಂಧನವು ಉಳಿಯಿತು. ಬಸ್ಸು ಬರಿದಾಗಿ ಓಡಿದರೆ ಈ ಲೆಕ್ಕವು ತಿರುವುಮುರುವಾಗುವದೆಂಬುದೂ ಸ್ಪಷ್ಟವೇ. ಈ ಏಳೆಂಟು ಲೀಟರಿನ ಅಂಕಿಯನ್ನು ವಾಚಕರು ನೆನಪಿನಲ್ಲಿಡತಕ್ಕದ್ದು. ಇಷ್ಟೇ ಇಂಧನವನ್ನು ಹೊಲದಲ್ಲಿ ಬೆಳೆಯಬೇಕಾದರೆ ಎಷ್ಟು ಪ್ರಯಾಸವಿದೆಯೆಂಬುದು ಮುಂದೆ ತಿಳಿದುಬರುವದು.

ಹಿಂದಿನ ಪ್ರಯತ್ನಗಳು

ಹೊಲದ ಉತ್ಪನ್ನದಿಂದ ಯಂತ್ರವನ್ನು ಓಡಿಸುವದು ಹೊಸ ವಿಚಾರವಲ್ಲ. ಡೀಸೆಲ್ ಯಂತ್ರವು 1900ನೇ ಇಸ್ವಿಯಲ್ಲಿ ಪ್ಯಾರಿಸಿನ ಪ್ರದರ್ಶನದಲ್ಲಿ ಶೇಂಗಾ ಎಣ್ಣೆಯಿಂದ ಓಡಿಸಲ್ಪಟ್ಟಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಈ ದೇಶದ ಬಸ್ಸುಗಳ ಹಿಂಬದಿಗೆ ಇದ್ದಿಲಿನ ಒಲೆಗಳನ್ನು ಕಟ್ಟಲಾಯಿತು. ಗಾಳಿಯನ್ನು ಕಡಿಮೆ ಬಿಟ್ಟು ಇದ್ದಿಲನ್ನು ಉರಿಸಿದರೆ ಅದು ಪೂರ್ತಿಯಾಗಿ ಸುಡದೆ ಉರಿಯಬಲ್ಲ ಒಂದು ಅನಿಲವನ್ನು ಕೊಡುತ್ತದೆ. ಅದನ್ನು ತಣಿಸಿ, ಸೋಸಿ, ಯಂತ್ರದೊಳಗೆ ಎಳೆದುಕೊಳ್ಳುವದು ಅದರ ಕ್ರಮವು. ಯಂತ್ರದ ಶಕ್ತಿಯು ಬಹಳ ತಗ್ಗುತ್ತಿತ್ತು. ಏರು ಬಂದಲ್ಲಿ ಪ್ರವಾಸಿಗಳು ಇಳಿದು ನಡೆಯಬೇಕಾಗುತ್ತಿತ್ತೆಂದು ಹಿರಿಯರು ಹೇಳುತ್ತಿದ್ದರು. ಇದ್ದಿಲು ಅಡವಿಯಿಂದಲೇ ಬರಬೇಕಾಗಿದ್ದರಿಂದ ಆ ಉಪಾಯವು ಬಹುಕಾಲ ನಡೆಯತಕ್ಕದ್ದಾಗಿರಲಿಲ್ಲ. ಯುದ್ಧ ಮುಗಿದು ಪೆಟ್ರೋಲು ಬಂದೊಡನೆ ಒಲೆಗಳು ಗುಜರಿಗೆ ಹೋದವು. 1948ನೇ ಇಸ್ವಿಯಲ್ಲಿ ಕಾಕಂಬಿಯಿಂದ ತೆಗೆದ ಮದ್ಯಸಾರವನ್ನು ಪೆಟ್ರೋಲಿಗೆ ಬೆರೆಸುವ ಕುರಿತು ಕಾಯಿದೆಯು ಬಂದಿತು. ಅಗ್ಗದ ಪೆಟ್ರೋಲು ಹೇರಳವಾಗಿ ದೊರೆಯಲಾರಂಭಿಸಿದ ಮೇಲೆ ಅದರ ಗೋಜಿಗೆ ಯಾರೂ ಹೋಗಲಿಲ್ಲ. ತುಟ್ಟಿಯ ಕಾಲದಲ್ಲಿ ಹೊಲದ ಇಂಧನವನ್ನು ನೆನೆಯುವದು, ಸೋವಿಯ ಕಾಲದಲ್ಲಿ ಮರೆಯುವದು ಎಂಬ ಈ ರೂಢಿಯನ್ನು ಬೆಳೆ ಬದಲಿಸಲು ಹೊರಟ ರೈತನು ಗಮನದಲ್ಲಿಡಬೇಕು. ಕಾಯಿದೆಯನ್ನು ಒಂದು ದಿನದಲ್ಲಿ ತಿದ್ದಬಹುದು. ಹಚ್ಚಿದ ಬೆಳೆಯನ್ನು ತಿದ್ದಲು ಬರುವದಿಲ್ಲ.

ಇಥೆನಾಲು

ಮದ್ಯಸಾರಕ್ಕೇ ಈಗ ಇಥೆನಾಲು ಎಂಬ ಹೆಸರು ಬಳಕೆಯಲ್ಲಿದೆ. 2003ನೇ ಇಸ್ವಿಯಲ್ಲಿ ಕೆಲವು ಪ್ರಾಂತಗಳಲ್ಲಿ ನೂರಕ್ಕೆ ಐದರಂತೆ ಪೆಟ್ರೋಲಿಗೆ ಬೆರೆಸುವ ಯೋಜನೆಯು ಪುನಃ ಆರಂಭವಾಯಿತು. ಹತ್ತು ವರ್ಷಗಳ ತರುವಾಯವೂ ಬೆರಕೆಯು ನೂರಕ್ಕೆ ಎರಡನ್ನು ಮುಟ್ಟಿರಲಿಲ್ಲ. 2018ನೇ ಇಸ್ವಿಯ ಜೈವಿಕ ಇಂಧನ ಧೋರಣೆಯು ಕಬ್ಬಿನ ರಸಕ್ಕೂ, ಕೆಟ್ಟ ಕಾಳಿಗೂ, ಹೆಚ್ಚುವರಿಯೆಂದು ಗೊತ್ತುಪಡಿಸಿದ ಧಾನ್ಯಕ್ಕೂ ದಾರಿ ತೆರೆಯಿತು. ಬಳಿಕ ವೇಗವು ಹೆಚ್ಚಿ, 2022ನೇ ಇಸ್ವಿಯ ಜೂನದಲ್ಲಿ ನೂರಕ್ಕೆ ಹತ್ತು, 2025ನೇ ಇಸ್ವಿಯಲ್ಲಿ ನೂರಕ್ಕೆ ಇಪ್ಪತ್ತರ ಮಟ್ಟವು ಮುಟ್ಟಲ್ಪಟ್ಟಿತು. ಪರದೇಶದಿಂದ ತರಿಸುವ ಎಣ್ಣೆಯು ಅಷ್ಟರಮಟ್ಟಿಗೆ ಕಡಿಮೆಯಾಗುವದರಿಂದ ಇದು ದೇಶಕ್ಕೆ ಲಾಭವೇ. ಒಂದು ಲೀಟರು ಇಥೆನಾಲಿನಲ್ಲಿರುವ ಶಕ್ತಿಯು ಒಂದು ಲೀಟರು ಪೆಟ್ರೋಲಿನ ಶಕ್ತಿಯ ಮೂರರಲ್ಲಿ ಎರಡು ಪಾಲಿನಷ್ಟೇ ಎಂಬುದನ್ನು ಮಾತ್ರ ಈ ಲೆಕ್ಕದಲ್ಲಿ ಮರೆಯತಕ್ಕದ್ದಲ್ಲ.

ಒಂದು ಟನ್ನು ಕಬ್ಬಿನ ರಸದಿಂದ ಅಜಮಾಸು 70 ಲೀಟರು, ಒಂದು ಟನ್ನು ಗೋವಿನಜೋಳದಿಂದ ಅಜಮಾಸು 380 ಲೀಟರು ಇಥೆನಾಲು ಹೊರಡುತ್ತದೆ. ಎಕರೆಯ ಲೆಕ್ಕದಲ್ಲಿ ಕಬ್ಬೇ ಬಹಳ ಮುಂದೆ ನಿಲ್ಲುವದು. ಆದರೆ ಅದಕ್ಕೆ ನೀರು ಬಹಳ ಬೇಕಾಗುವದು. ಕಬ್ಬಿನಿಂದಾಗುವ ಒಂದು ಲೀಟರು ಇಥೆನಾಲಿಗೆ 2,860 ಲೀಟರು ನೀರು ತಗಲುವದೆಂದು ಕೇಂದ್ರ ಸರಕಾರದ ನೀತಿ ಆಯೋಗವೇ 2021ನೇ ಇಸ್ವಿಯ ವರದಿಯಲ್ಲಿ ಹೇಳಿದೆ. ಧಾರವಾಡ ತಾಲೂಕಿನಲ್ಲಿ ಮಳೆಯು ವರ್ಷಕ್ಕೆ 30 ಅಂಗುಲಗಳ ಆಸುಪಾಸಿನಲ್ಲಿರುವಾಗ, ಬೋರಿನ ನೀರನ್ನೆತ್ತಿ ಮೋಟಾರು ವಾಹನಕ್ಕಾಗಿ ಕಬ್ಬು ಬೆಳೆಯುವದು ಬುದ್ಧಿವಂತಿಕೆಯ ಒಕ್ಕಲುತನವಲ್ಲ. ಗೋವಿನಜೋಳವು ಮುಂಗಾರಿ ಮಳೆಯ ಮೇಲೆ ಬರುವದರಿಂದ ಈ ಭಾಗಕ್ಕೆ ಅದು ಹೆಚ್ಚು ಒಪ್ಪುವದು. ಇಥೆನಾಲನ್ನು ತೆಗೆದ ಮೇಲೆ ಉಳಿಯುವ ಚರಟವು, ಟನ್ನಿಗೆ ಸುಮಾರು 300 ಕಿಲೋದಷ್ಟು, ದನಗಳ ಮತ್ತು ಕೋಳಿಗಳ ಆಹಾರಕ್ಕೆ ಬರುತ್ತದೆ.

ಧಾರಣೆಯ ಕಡೆಗೆ ನೋಡಿದರೆ ಧೋರಣೆಯ ಎರಡು ಮುಖಗಳೂ ಇತ್ತೀಚೆಗೇ ಕಂಡುಬಂದಿವೆ. ಮಳೆ ಹಿಂದೆಗೆದು ಸಕ್ಕರೆಯು ಕಡಿಮೆಯಾಗುವ ಭಯ ಬಂದಾಗ 2023ನೇ ಇಸ್ವಿಯ ಡಿಸೆಂಬರದಲ್ಲಿ ಕಬ್ಬಿನ ರಸದಿಂದ ಇಥೆನಾಲು ಮಾಡುವದನ್ನು ಕೇಂದ್ರ ಸರಕಾರವು ಒಮ್ಮೆಲೇ ತಡೆದಿತು. ಮುಂದಿನ ವರ್ಷ ಆ ತಡೆಯನ್ನು ಸಡಿಲಿಸಿತು. ಅದರ ಪರಿಣಾಮವಾಗಿ ಗೋವಿನಜೋಳಕ್ಕೆ ಬೇಡಿಕೆಯು ಏರಿ, ಅನೇಕರು ಹತ್ತಿಯನ್ನೂ ಶೇಂಗಾವನ್ನೂ ಬಿಟ್ಟು ಅದನ್ನೇ ಬಿತ್ತಿದರು. 2025ನೇ ಇಸ್ವಿಯ ಸುಗ್ಗಿಯಲ್ಲಿ ಕ್ವಿಂಟಲಿಗೆ 2,400 ರೂಪಾಯಿಗಳ ಬೆಂಬಲ ಬೆಲೆಯು ಗೊತ್ತುಪಡಿಸಲ್ಪಟ್ಟಿದ್ದರೂ ಪೇಟೆಯ ಧಾರಣೆಯು ಅದಕ್ಕಿಂತ ಬಹಳ ಕೆಳಗೆ ಇಳಿದು, ಈ ಭಾಗದ ರೈತರು ಖರೀದಿ ಕೇಂದ್ರಗಳಿಗಾಗಿ ರಸ್ತೆಗಿಳಿಯಬೇಕಾಯಿತು. ಇಂಧನಕ್ಕೆ ಬೇಡಿಕೆ ಇದೆಯೆಂಬ ಮಾತ್ರಕ್ಕೆ ರೈತನ ಕೈಗೆ ಬೆಲೆಯು ಬರುವದೆಂಬ ನಂಬಿಕೆಗೆ ಆಧಾರವಿಲ್ಲ. ಗೋವಿನಜೋಳವನ್ನು ಬೆಳೆಯತಕ್ಕವರು ತೊಗರಿ, ಹೆಸರು, ಶೇಂಗಾಗಳ ಸರತಿಯನ್ನು ಬಿಡದೆ, ಹೊಲದ ಒಂದು ಪಾಲಿಗಷ್ಟೇ ಅದನ್ನು ಇಡುವದು ಮೇಲು.

ಹುಲಗಲದ ಮರ

ಡೀಸೆಲಿನ ಬದಲಿಗೆ ಗಿಡದ ಎಣ್ಣೆಯನ್ನು ಉಪಯೋಗಿಸುವ ಪ್ರಯತ್ನವು ಇಥೆನಾಲಿನಷ್ಟು ಫಲಿಸಿರುವದಿಲ್ಲ. ಅದಕ್ಕೆ ಕಾರಣವು ಕೃಷಿಯ ದೃಷ್ಟಿಯಿಂದ ಬೋಧಪ್ರದವಾಗಿದೆ. 2003ನೇ ಇಸ್ವಿಯ ಸುಮಾರಿಗೆ ಜಟ್ರೋಫವೆಂದು ಕರೆಯಲ್ಪಡುವ ಕಾಡು ಔಡಲವನ್ನು ಲಕ್ಷಾಂತರ ಎಕರೆಗಳಲ್ಲಿ ಹಚ್ಚಬೇಕೆಂದು ದೇಶದಲ್ಲೆಲ್ಲ ಉತ್ಸಾಹವು ಹಬ್ಬಿತು. ನೀರು ಬೇಡ, ಗೊಬ್ಬರ ಬೇಡ, ಬಂಜರಿನಲ್ಲಿಯೂ ಬರುವದು ಎಂಬುದು ಅದರ ಪ್ರಚಾರವಾಗಿತ್ತು. ಗಿಡವು ಬಂಜರಿನಲ್ಲಿ ಬದುಕಿತೇನೋ ನಿಜ. ಫಲವನ್ನು ಮಾತ್ರ ಕೊಡಲಿಲ್ಲ. ಫಲವು ಬರಬೇಕಾದರೆ ಅದಕ್ಕೂ ಒಳ್ಳೆಯ ಭೂಮಿಯೂ ನೀರೂ ಬೇಕೆಂಬುದು, ಬೇಸಾಯಗಾರನಿಗೆ ಮೊದಲೇ ತೋಚಬಹುದಾಗಿದ್ದ ಈ ಸಂಗತಿಯು, ಬಹಳ ಹಣ ವೆಚ್ಚವಾದ ಮೇಲೆ ತಿಳಿದುಬಂದಿತು. 2009ನೇ ಇಸ್ವಿಯ ರಾಷ್ಟ್ರೀಯ ಧೋರಣೆಯಲ್ಲಿ 2017ರೊಳಗಾಗಿ ಡೀಸೆಲಿಗೆ ನೂರಕ್ಕೆ ಇಪ್ಪತ್ತು ಬೆರೆಸುವ ಗುರಿಯಿತ್ತು. 2018ರ ಧೋರಣೆಯು ಅದನ್ನು 2030ಕ್ಕೆ ನೂರಕ್ಕೆ ಐದಕ್ಕೆ ಇಳಿಸಿತು. ಇದಲ್ಲದೆ, ಕಾಗದದಲ್ಲಿ ಬಂಜರೆಂದು ಬರೆಯಲ್ಪಟ್ಟ ಭೂಮಿಯು ಅನೇಕ ಊರುಗಳಲ್ಲಿ ದನ ಮೇಯುವ ಗಾಯರಾಣವಾಗಿರುತ್ತದೆ. ಅದನ್ನು ಇಂಧನದ ಗಿಡಗಳಿಗೆ ಕೊಡುವ ಪ್ರಸಂಗವು ಬಂದರೆ, ಮೊದಲು ಭೂಮಿಯಿಲ್ಲದವರ ದನಗಳು ಎಲ್ಲಿಗೆ ಹೋಗುವವೆಂಬುದನ್ನು ಊರಿನ ಮುಖಂಡರು ವಿಚಾರಿಸತಕ್ಕದ್ದು.

ಕರ್ನಾಟಕದಲ್ಲಿ ಈ ಕೆಲಸಕ್ಕೆ ಪರದೇಶದ ಗಿಡವೇ ಬೇಕೆಂದಿರಲಿಲ್ಲ. ಮೈಸೂರು ಸೀಮೆಯವರು ಹೊಂಗೆಯೆಂದೂ ನಮ್ಮ ಭಾಗದವರು ಹುಲಗಲವೆಂದೂ ಕರೆಯುವ ಮರವು ಹಳ್ಳದ ದಂಡೆಯಲ್ಲಿ ತಾನಾಗಿ ಬೆಳೆದಿರುತ್ತದೆ. ಎಲೆಯು ಕಹಿಯಾದದ್ದರಿಂದ ದನಗಳು ಸಹಸಾ ಮುಟ್ಟವು. ಇದು ಬೇಳೆಕಾಳುಗಳ ಜಾತಿಗೆ ಸೇರಿದ್ದು; ಬೇರಿನ ಗಂಟುಗಳಿಂದ ಗಾಳಿಯ ಸಾರಜನಕವನ್ನು ಭೂಮಿಗೆ ಹಿಡಿಯುತ್ತದೆ. ಸೊಪ್ಪು ಹಸಿರು ಗೊಬ್ಬರಕ್ಕೂ, ಎಣ್ಣೆ ದೀಪಕ್ಕೂ ಚರ್ಮ ಹದಮಾಡುವದಕ್ಕೂ ಹಿಂದಿನಿಂದಲೇ ಉಪಯೋಗವಾಗುತ್ತಿದ್ದವು. 2001ನೇ ಇಸ್ವಿಯ ಸುಮಾರಿಗೆ, ಧಾರವಾಡಕ್ಕೆ ಸಮೀಪವಾದ ದಾಂಡೇಲಿಯಲ್ಲಿ ಒಂದು ಲೋಹದ ಕಾರಖಾನೆಯು ವಿದ್ಯುತ್ತನ್ನು ಉತ್ಪಾದಿಸುವ ತನ್ನ ದೊಡ್ಡ ಡೀಸೆಲ್ ಯಂತ್ರಗಳನ್ನು ಹೊಂಗೆಯ ಎಣ್ಣೆಯಿಂದ ಓಡಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಇದೇ ಎಣ್ಣೆಯಿಂದ ಹಳ್ಳಿಯ ನೀರೆತ್ತುವ ಯಂತ್ರಗಳನ್ನು ನಡೆಯಿಸಿ ತೋರಿಸಿದರು. ರಾಜ್ಯ ಸರಕಾರವು 2009ರಲ್ಲಿ ತನ್ನದೇ ಜೈವಿಕ ಇಂಧನ ಧೋರಣೆಯನ್ನು ಹೊರಡಿಸಿತು. ಹಾಸನ ಜಿಲ್ಲೆಯ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯವು ಇಂಥ ಗಿಡಗಳ ಉದ್ಯಾನವನ್ನು ಸ್ಥಾಪಿಸಿತು. ಬಂಜರಿಗಾಗಿ ಬರಡು ಬಂಗಾರ, ಅಡವಿಯ ಹಾಳು ಭೂಮಿಗಾಗಿ ಹಸಿರು ಹೊನ್ನು ಎಂಬ ಯೋಜನೆಗಳೂ ಬಂದವು.

ಹೆಸರುಗಳಲ್ಲಿ ಬಂಗಾರವೂ ಹೊನ್ನೂ ಇವೆ. ರೈತನಿಗೆ ಎಷ್ಟು ದೊರೆಯುವದೆಂಬುದನ್ನು ಲೆಕ್ಕದಿಂದಲೇ ನೋಡತಕ್ಕದ್ದು. ಹುಲಗಲವು ನೆಟ್ಟ ಐದರಿಂದ ಏಳನೆಯ ವರ್ಷಕ್ಕೆ ಕಾಯಿ ಬಿಡಲಾರಂಭಿಸುವದು. ಬೆಳೆದ ಮರದ ಇಳುವರಿಯು ಹತ್ತು ಕಿಲೋದಿಂದ ಐವತ್ತು ಕಿಲೋದವರೆಗೆ ಮರದಿಂದ ಮರಕ್ಕೆ ಬಹಳ ಭೇದವಾಗುತ್ತದೆ. ಸಿಪ್ಪೆ ಸುಲಿದ ಬೀಜ 15 ಕಿಲೋ ಎಂದು ಹಿಡಿಯುವದು ಕ್ಷೇಮವು. ಬೀಜದಲ್ಲಿ ಮೂರರಲ್ಲಿ ಒಂದು ಪಾಲು ಎಣ್ಣೆಯಿದ್ದರೂ ಸಾಮಾನ್ಯ ಗಾಣವು ನಾಲ್ಕು ಕಿಲೋ ಬೀಜಕ್ಕೆ ಒಂದು ಲೀಟರಿನಷ್ಟೇ ಬಿಟ್ಟುಕೊಡುವದು. ಮೇಲೆ ಹೇಳಿದ ಚಿಗರಿ ಬಸ್ಸು ಹುಬ್ಬಳ್ಳಿಯಿಂದ ಧಾರವಾಡಕ್ಕೆ ಒಂದು ಸಲ ಹೋಗಲು ಬೇಕಾದ 7½ ಲೀಟರಿಗೆ 30 ಕಿಲೋ ಬೀಜ, ಎಂದರೆ ಎರಡು ಮರಗಳ ಇಡೀ ವರ್ಷದ ಫಲವು ಬೇಕು. ಬಸ್ಸು ದಿನಕ್ಕೆ ಹತ್ತು ಸಲ ಓಡಿದರೆ ಇಪ್ಪತ್ತು ಮರ. ವರ್ಷದಲ್ಲಿ ಮುನ್ನೂರು ದಿನ ಓಡಿದರೆ ಒಂದೇ ಬಸ್ಸಿಗೆ ಆರು ಸಾವಿರ ಮರಗಳು! ಊರೂರಿನ ಬದುಗಳೆಲ್ಲ ಸೇರಿದರೂ ಪೂರ್ತಿ ಎಣ್ಣೆಯಿಂದಲೇ ಬಸ್ಸುಗಳನ್ನು ಓಡಿಸುವದು ಆಗದ ಮಾತು. ನೂರಕ್ಕೆ ಐದರ ಬೆರಕೆಯಾದರೆ ಬಸ್ಸಿಗೆ ಮುನ್ನೂರು ಮರಗಳು ಸಾಕು. ಒಂದು ಊರು ಮನಸ್ಸು ಮಾಡಿದರೆ ಒಂದು ಬಸ್ಸಿನ ಈ ಪಾಲನ್ನು ಕೊಡಬಹುದು. ಇನ್ನು, ತುಂಬಿದ ಬಸ್ಸಿನ ಒಂದು ಪ್ರಯಾಣದಲ್ಲಿ ಉಳಿದ ಏಳೆಂಟು ಲೀಟರುಗಳನ್ನು ಇದಕ್ಕೆ ಹೋಲಿಸಿದರೆ, ಆ ಉಳಿತಾಯವೂ ಎರಡು ಮರಗಳ ವರ್ಷದ ಫಲಕ್ಕೆ ಸರಿಯಾಗುವದು. ಆದುದರಿಂದ ಇಂಧನವನ್ನು ಬೆಳೆಯುವದಕ್ಕಿಂತ ಉಳಿಸುವ ಕೆಲಸವೇ ಧೋರಣೆಯಲ್ಲಿ ಮೊದಲನೆಯದಾಗಿರಬೇಕು. ಇದೇ ಕಾರಣದಿಂದ ಉಣ್ಣುವ ಧಾನ್ಯದ ಭೂಮಿಯನ್ನು ಎಣ್ಣೆಯ ಗಿಡಕ್ಕೆ ಬಿಟ್ಟುಕೊಡುವ ಯಾವ ಸಲಹೆಯನ್ನೂ ಜಮೀನುದಾರರು ಒಪ್ಪತಕ್ಕದ್ದಲ್ಲ. ಹುಲಗಲದ ಸ್ಥಳವು ಬದು, ಹಳ್ಳದ ದಂಡೆ, ಬಂಡಿದಾರಿಯ ಅಂಚು, ಕೆರೆಯ ಹಿಂಬದಿ, ಹೊಲವಲ್ಲ.

ಬದುವಿನ ಮೇಲೆ ನೆಡುವಾಗಲೂ ಒಂದು ತೊಡಕಿದೆ. ನಮ್ಮ ಸೀಮೆಯಲ್ಲಿ ವರ್ಷದ ಹೆಚ್ಚಿನ ಕಾಲ ನೆರಳು ಬಡಗಣಕ್ಕೆ ಬೀಳುವದರಿಂದ, ತನ್ನ ಹೊಲದ ಬಡಗಣ ಬದುವಿನ ಮೇಲೆ ಮರ ನೆಟ್ಟವನ ಬೆಳೆಯು ಸುಖವಾಗಿದ್ದು ನೆರೆಯವನ ಜೋಳವು ಬಿಳುಪೇರುವದು. ಹಿಂಗಾರಿಯಲ್ಲಿ ಈ ವ್ಯಾಜ್ಯವು ಗೌಡರ ಚಾವಡಿಗೆ ಬಂದೇ ಬರುವದು. ಕಾಯಿ ಉದುರಿದ ಮೇಲೆ ಅದು ಯಾರ ಕಾಯಿ ಎಂಬುದು ಎರಡನೆಯ ವ್ಯಾಜ್ಯ. ಕಾರಣ, ಸಸಿ ನೆಡುವ ಮೊದಲೇ ಇಬ್ಬರು ಹೊಲದವರೂ ಕೂಡಿ ನೆರಳು, ರೆಂಬೆ ಸವರುವಿಕೆ, ಕಾಯಿಯ ಪಾಲು ಇವುಗಳನ್ನು ಒಂದು ಚೀಟಿಯಲ್ಲಿ ಬರೆದಿಡುವಂತೆ ಗ್ರಾಮದ ಹಿರಿಯರು ಮಾಡತಕ್ಕದ್ದು. ಬೇರಿನಿಂದ ಮರಿಗಳು ಏಳುವ ಸ್ವಭಾವವು ಈ ಮರಕ್ಕಿರುವದರಿಂದ ವರ್ಷಕ್ಕೊಮ್ಮೆ ರಂಟೆಯಿಂದ ಅವನ್ನು ಕಡಿಯಬೇಕು.

ಮರದಿಂದ ನಿಶ್ಚಿತವಾಗಿ ದೊರೆಯುವ ಲಾಭವು ಎಣ್ಣೆಗಿಂತ ಹೆಚ್ಚಾಗಿ ಹಿಂಡಿಯಲ್ಲಿದೆ. ಹುಲಗಲದ ಹಿಂಡಿಯಲ್ಲಿ ನೂರಕ್ಕೆ ನಾಲ್ಕರಷ್ಟು ಸಾರಜನಕವಿರುತ್ತದೆ. ಇಪ್ಪತ್ತು ಮರಗಳುಳ್ಳ ರೈತನಿಗೆ 300 ಕಿಲೋ ಬೀಜ, ಅದರಿಂದ 75 ಲೀಟರು ಎಣ್ಣೆ ಮತ್ತು 200 ಕಿಲೋಕ್ಕೆ ಮೇಲ್ಪಟ್ಟು ಹಿಂಡಿ. ಆ ಹಿಂಡಿಯಲ್ಲಿರುವ ಸಾರಜನಕವು ಅಜಮಾಸು 18 ಕಿಲೋ ಯೂರಿಯಾಕ್ಕೆ ಸಮವು. ಯೂರಿಯಾದಂತೆ ಮಳೆಗೆ ಕೂಡಲೇ ತೊಳೆದುಹೋಗದೆ ಮೆಲ್ಲಮೆಲ್ಲನೆ ಬೆಳೆಗೆ ಒದಗುವದು, ಗೆದ್ದಲನ್ನೂ ಸ್ವಲ್ಪಮಟ್ಟಿಗೆ ದೂರವಿಡುವದು. ಬೀಜವನ್ನು ಮಾರುವವರು ಹಿಂಡಿಯನ್ನು ತಮ್ಮೂರಿಗೆ ತಿರುಗಿ ಪಡೆಯುವ ಕರಾರನ್ನು ಮಾಡಿಕೊಂಡರೆ ಒಳ್ಳೆಯದು. ದನಗಳಿಗೆ ಈ ಹಿಂಡಿಯನ್ನು ತಿನ್ನಿಸತಕ್ಕದ್ದಲ್ಲ. ಅದರಲ್ಲಿ ವಿಷದ ಅಂಶವಿದೆ.

ಗಾಣದಿಂದ ಬಂದ ಎಣ್ಣೆಯನ್ನು ಹಾಗೆಯೇ ಟ್ರಾಕ್ಟರಿಗೆ ಸುರಿಯುವ ಪ್ರಯೋಗವನ್ನು ಯಾರೂ ಮಾಡಬಾರದು. ಎಣ್ಣೆಯು ಡೀಸೆಲಿಗಿಂತ ಸುಮಾರು ಹತ್ತು ಪಟ್ಟು ಮಂದವು. ಹಳೆಯ ಮಾದರಿಯ ಮಂದಗತಿಯ ಪಂಪಿನ ಯಂತ್ರವು ಕೆಲಕಾಲ ತಾಳಬಹುದು. ಈಗಿನ ಟ್ರಾಕ್ಟರಿನ ಇಂಧನ ಚಿಮ್ಮುವ ಸೂಕ್ಷ್ಮ ನಳಿಗೆಗಳು ಅಂಟುಗಟ್ಟಿ, ಉಳಿಸಿದ ಹಣದ ಅನೇಕ ಪಟ್ಟು ದುರಸ್ತಿಗೆ ಹೋಗುವದು. ಎಣ್ಣೆಗೆ ಮೆಥನಾಲು ಎಂಬ ಮದ್ಯಸಾರವನ್ನೂ ಸ್ವಲ್ಪ ಕಾಸ್ಟಿಕ್ ಸೋಡಾವನ್ನೂ ಸೇರಿಸಿ ಕಾಸಿದರೆ, ಭಾರವಾದ ಗ್ಲಿಸರಿನ್ನು ತಳಕ್ಕಿಳಿದು, ಡೀಸೆಲಿನಂತೆ ತೆಳುವಾದ ಜೈವಿಕ ಡೀಸೆಲ್ ಮೇಲೆ ನಿಲ್ಲುವದು. ಮೆಥನಾಲು ವಿಷವೂ ಬೇಗನೆ ಬೆಂಕಿ ಹತ್ತುವಂಥದೂ ಆದುದರಿಂದ ಇದು ಮನೆಯ ಹಿತ್ತಲಲ್ಲಿ ಮಾಡುವ ಕೆಲಸವಲ್ಲ. ತರಬೇತಾದ ಜನರಿರುವ ಘಟಕದಲ್ಲಿ ಮಾತ್ರ ಆಗತಕ್ಕದ್ದು. ಬೀಜವು ಹಸಿಯಾಗಿ ಮುಗ್ಗಿದ್ದರೆ ಎಣ್ಣೆಯಲ್ಲಿ ಆಮ್ಲವು ಹೆಚ್ಚಿ, ಸೋಡಾ ಬಿದ್ದಾಗ ಎಲ್ಲವೂ ಸಾಬೂನಾಗಿ ಕೆಡುವದು. ಘಟಕದವರು ಬೆಲೆಯನ್ನು ಕಡಿತಮಾಡುವದು ಹೆಚ್ಚಾಗಿ ಈ ಕಾರಣದಿಂದಲೇ.

ಆದಕಾರಣ ಕೂಡಿಸುವ ಕ್ರಮಕ್ಕೆ ಲಕ್ಷ್ಯ ಕೊಡಬೇಕು. ಕಾಯಿಗಳು ಫೆಬ್ರುವರಿಯಿಂದ ಮೇ ವರೆಗೆ ಬಲಿಯುವವು. ಹೊಲದ ಕೆಲಸವು ಕಡಿಮೆಯಾಗಿ ಕೂಲಿಯವರಿಗೆ ಕೈ ಬರಿದಾಗಿರುವ ಕಾಲವೂ ಅದೇ. ಮೊದಲ ಅಡ್ಡಮಳೆ ಬೀಳುವ ಮುಂಚೆ ಕಾಯಿಗಳನ್ನಾಯ್ದು, ನಾಲ್ಕೈದು ದಿನ ಚೆನ್ನಾಗಿ ಬಿಸಿಲಿಗೆ ಹರವಿ, ಬಡಿದು ಸಿಪ್ಪೆ ಬೇರ್ಪಡಿಸಿ, ಗಾಳಿಯಾಡುವ ಗೋಣಿಚೀಲಗಳಲ್ಲಿ ನೆಲಕ್ಕೆ ತಾಗದಂತೆ ಇಡತಕ್ಕದ್ದು. ಒಬ್ಬೊಬ್ಬರು ಇಪ್ಪತ್ತು ಮೂವತ್ತು ಕಿಲೋ ಹೊತ್ತುಕೊಂಡು ಪೇಟೆಗೆ ಹೋದರೆ ಅಡತಿಯವನು ಹೇಳಿದ್ದೇ ಬೆಲೆ. ಬೆಳಗ್ಗೆ ಹಾಲು ಅಳೆಯುವ ಸಹಕಾರಿ ಸಂಘವು ಅನೇಕ ಊರುಗಳಲ್ಲಿ ಈಗಾಗಲೇ ಇದೆ. ಅದೇ ಕಟ್ಟೆಯಲ್ಲಿ ವಾರಕ್ಕೊಮ್ಮೆ ಬೀಜವನ್ನು ತೂಗಿ, ಪುಸ್ತಕದಲ್ಲಿ ಬರೆದು, ಒಂದು ಲಾರಿಯ ಭರ್ತಿಯಾದ ಮೇಲೆ ಒಟ್ಟಾಗಿ ಮಾರುವ ಏರ್ಪಾಡನ್ನು ಮಾಡಿದರೆ ಹೊಸ ಸಂಘದ ಖರ್ಚಿಲ್ಲ. ಕೊಳ್ಳುವವರು ಯಾರು, ಯಾವ ಬೆಲೆಗೆ, ಎಷ್ಟು ವರ್ಷಗಳವರೆಗೆ ಎಂಬುದನ್ನು ಬರವಣಿಗೆಯಲ್ಲಿ ಪಡೆಯದೆ ಈ ಮರವನ್ನು ಸಾಲುಸಾಲಾಗಿ ಹಚ್ಚುವದು ಬೇಡ. ಹಿಂಡಿ, ಸೊಪ್ಪು, ನೆರಳುಗಳಿಗಾಗಿ ಹೊಲಕ್ಕೆ ಹತ್ತಿಪ್ಪತ್ತು ಮರಗಳು ಯಾವ ಕರಾರಿಲ್ಲದೆಯೂ ಲಾಭದಾಯಕವೇ.

ಸಸಿಗಳನ್ನು ಊರಲ್ಲಿಯೇ ಮಾಡಿಕೊಳ್ಳಬಹುದು. ಪ್ರತಿವರ್ಷವೂ ತಪ್ಪದೆ ಕಾಯಿ ಬಿಡುವ ಮರವನ್ನು ಗುರುತಿಟ್ಟು, ಅದರ ಹೊಸ ಬೀಜವನ್ನು ಒಂದು ರಾತ್ರಿ ನೀರಿನಲ್ಲಿ ನೆನೆಯಿಟ್ಟು, ಮಣ್ಣು-ಗೊಬ್ಬರ ತುಂಬಿದ ಚೀಲದಲ್ಲಿ ಒಂದೂವರೆ ಅಂಗುಲ ಆಳಕ್ಕೆ ಊರಬೇಕು. ಎರಡು ವಾರದೊಳಗೆ ಮೊಳೆಯುವದು. ಹಳೆಯ ಬೀಜವು ಮೊಳಕೆಯ ಶಕ್ತಿಯನ್ನು ಬೇಗ ಕಳಕೊಳ್ಳುವದು. ಒಳ್ಳೆಯ ಮರದ ಕಡ್ಡಿಯಿಂದ ಕಸಿಮಾಡಿದ ಸಸಿಯು ಒಂದೆರಡು ವರ್ಷ ಮುಂಚಿತವಾಗಿಯೇ ಫಲಕ್ಕೆ ಬರುವದರಿಂದ, ದೊರೆತಲ್ಲಿ ಅದನ್ನೇ ಆರಿಸತಕ್ಕದ್ದು. ವರ್ಷದ ಸಸಿಯನ್ನು ಜೂನ್ ಜುಲೈ ತಿಂಗಳಲ್ಲಿ, ಒಂದೂವರೆ ಅಡಿಯ ಕುಣಿಗಳಲ್ಲಿ, ಸಾಲಿನಲ್ಲಿ ಹದಿನೈದರಿಂದ ಇಪ್ಪತ್ತು ಅಡಿ ಅಂತರದಿಂದ ನೆಡಬೇಕು. ಎಳೆಯ ಸಸಿಗಳನ್ನು ದನಗಳು ತಿನ್ನದಿದ್ದರೂ ತುಳಿಯುವವು. ಎರಡು ವರ್ಷ ಮುಳ್ಳಿನ ಬೇಲಿ ಬೇಕು.